ಫೋಟೋ ಇಲ್ಲದೆ ಬಿಲ್ ಆಗದ ಮನೆ

ಆ ಮನೆ ಯಾವ ಊರಿನಲ್ಲಿತ್ತು ಎಂದು ಈಗಲೂ ಬರೆಯುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಂದ ಹೊರಟರೂ ಒಂದು, ಹೆಚ್ಚೆಂದರೆ ಎರಡು ಬಸ್ಸು ಹಿಡಿದು ಬರಬಹುದಾದ ಜಾಗ ಎಂದು ತಿಳಿದರೆ ಸಾಕು. ಮನೆಯವರಿಂದಲೇ ಹೊಡೆತ ತಿಂದು ಹೊರಟ ಹೆಂಗಸರು, ಅವರ ಮಕ್ಕಳು ಅಲ್ಲಿ ಉಳಿಯುತ್ತಿದ್ದರು. ಒಂದು ಸಣ್ಣ ಮಹಿಳಾ ಸಂಘ ಅದನ್ನು ನಡೆಸುತ್ತಿತ್ತು. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಅದರ ಮೇಲ್ವಿಚಾರಕಿಯಾಗಿದ್ದೆ.

ಮನೆಯ ಕ್ರಮ ಎಂದರೆ ವಾರ್ಡಿನ ಕ್ರಮವೇ. ಬೆಳಿಗ್ಗೆ ಆರಕ್ಕೆ ಏಳಬೇಕು. ಹಾಸಿಗೆ ಮಡಿಸಿದ ಮೇಲೆಯೇ ಕಾಫಿ. ರಸ್ತೆ ಕಡೆಯ ಕಿಟಕಿ ತೆರೆಯುವಂತಿಲ್ಲ. ದೊಡ್ಡವರ ಬಟ್ಟೆ ಹಿತ್ತಲಲ್ಲಿ ಒಣಗಬೇಕು, ಮಕ್ಕಳ ಬಟ್ಟೆ ಒಳಗೇ. ಬಂದವರ ಫೋನು ತೆಗೆದುಕೊಂಡು, ಲೊಕೇಶನ್ ಆರಿಸಿ, ಬೇರೆ ಸಿಮ್ ಹಾಕಿ ಕೊಡುವುದು ನನ್ನ ಮೊದಲ ಕೆಲಸ. ದಿನಸಿಯನ್ನು ಒಂದೇ ಅಂಗಡಿಯಿಂದ ತರುತ್ತಿರಲಿಲ್ಲ. ನಮ್ಮ ಕಡೆಯ ಅಂಗಡಿಯವರು ನೀವು ಕೊಂಡ ಅಕ್ಕಿ ನೋಡಿಯೇ ಮನೆಗೆ ನೆಂಟರು ಬಂದಿದ್ದಾರೆಯೇ ಎಂದು ಹೇಳಬಲ್ಲರು. ಹೊಸಬರನ್ನು ನಾನು ಭೇಟಿಯಾಗುತ್ತಿದ್ದುದು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನಲ್ಲಿ. ಅಲ್ಲಿ ಯಾರು ಕೂತರೂ ಯಾಕೆ ಕೂತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಅಕ್ಕಪಕ್ಕದವರಿಗೆ ಹೋಮ್ ನರ್ಸ್ ತರಬೇತಿ ನಡೆಯುತ್ತಿದೆ ಎಂದಿದ್ದೆವು. ಊರೆಲ್ಲ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದುದರಿಂದ ಅದನ್ನು ನಂಬದವರಿರಲಿಲ್ಲ.

ಇನ್ನೊಂದು ನಿಯಮವಿತ್ತು, ಎಲ್ಲಕ್ಕಿಂತ ಮುಖ್ಯವಾದದ್ದು. ಮನೆ ಇದ್ದ ಊರಿನ ಸುತ್ತಮುತ್ತಲಿನ ಹೆಂಗಸರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಅವರನ್ನು ನಾನೇ ಬಸ್ಸಿನಲ್ಲಿ ಚಿಕ್ಕಮಗಳೂರಿನ ಸರ್ಕಾರಿ ಮಹಿಳಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಿದ್ದೆ. ಹೆಂಗಸು ತನ್ನ ಊರಿನಿಂದ ದೂರವಿದ್ದಷ್ಟೂ ಕ್ಷೇಮ. ಈ ಸರಳ ನಿಯಮವೇ ಮುಂದೆ ನಮ್ಮ ಕೈ ಕಟ್ಟುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಸಂಘಕ್ಕೆ ಬರುತ್ತಿದ್ದ ಅನುದಾನ ನಿಂತಾಗ ಯೋಜನೆ ಬದಲಾಗಿದೆ ಎಂಬ ಉತ್ತರ ಬಂತು. ಜಿಲ್ಲಾ ಕೇಂದ್ರದಲ್ಲಿ ವ್ಯವಸ್ಥೆ ಇದೆಯಲ್ಲ, ಅಲ್ಲಿಗೇ ಕಳಿಸಿ ಎಂದರು. ಶೃಂಗೇರಿ ಆಚೆಯ ಕೆರೆಕಟ್ಟೆಯ ಕಾಡಂಚಿನಿಂದ ಮಗುವನ್ನು ಎತ್ತಿಕೊಂಡು ಹೊರಟ ಹೆಂಗಸಿಗೆ ಚಿಕ್ಕಮಗಳೂರು ಎಷ್ಟು ದೂರ ಎಂಬುದು ನಕಾಶೆ ನೋಡುವವರಿಗೆ ಗೊತ್ತಾಗುವುದಿಲ್ಲ. ಅದೇ ಸಮಯಕ್ಕೆ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಮಗಳ ಮದುವೆ ಇದೆ, ಮನೆ ಬಿಡಿ ಎಂದರು.

ಆಗ ಮನೆಯಲ್ಲಿ ಮೂವರಿದ್ದರು. ನರಸಿಂಹರಾಜಪುರ ಕಡೆಯ ಒಬ್ಬ ತುಂಬು ಗರ್ಭಿಣಿ. ಕೆರೆಕಟ್ಟೆಯ ಒಬ್ಬ ಅಜ್ಜಿ, ಹೊಡೆಯುತ್ತಿದ್ದುದು ಅವಳ ಸ್ವಂತ ಮಗ. ಮೂರನೆಯವಳು ಬೇಗಾರ್ ಕಡೆಯವಳು, ಎರಡನೇ ಕ್ಲಾಸಿನ ಮಗಳ ಜೊತೆ ಬಂದಿದ್ದಳು. ಅವಳ ಗಂಡ ಪಿಕಪ್ ಗಾಡಿ ಓಡಿಸುವವನು. ಅವಳ ಎಡ ಮಣಿಕಟ್ಟು ಮುರಿದು, ಆಸ್ಪತ್ರೆಗೆ ಹೋಗಲು ಬಿಡದೆ ಇದ್ದುದರಿಂದ, ಸೊಟ್ಟಗೆ ಕೂಡಿಕೊಂಡಿತ್ತು. ಅದೇ ಕೈಯಲ್ಲಿ ಅವಳು ಮನೆಯ ಎಲ್ಲರಿಗೂ ರೊಟ್ಟಿ ತಟ್ಟುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ.

ಅವಳು ಕೋರ್ಟಿಗೆ ಅರ್ಜಿ ಹಾಕಿದ್ದಳು. ಗಂಡ ಹೊಡೆಯದಂತೆ ತಡೆದು ತನ್ನನ್ನು ಅದೇ ಮನೆಯಲ್ಲಿ ಇರಲು ಬಿಡಬೇಕು, ಮಗಳು ತನ್ನ ಬಳಿಯೇ ಇರಬೇಕು ಎಂಬುದು ಅರ್ಜಿ.

"ನಾನು ಓಡಿ ಹೋಗ್ಲಿಕ್ಕೆ ಬಂದವಳಲ್ಲ ಸಿಸ್ಟ್ರೇ" ಎಂದಿದ್ದಳು. "ಆ ಮನೆ ಕಟ್ಟುವಾಗ ಕಲ್ಲು ಹೊತ್ತವಳು ನಾನು. ಆರ್ಡರ್ ಆಗುವವರೆಗೆ ಕೂರ್ಲಿಕ್ಕೆ ಒಂದು ಜಾಗ ಬೇಕು. ಮತ್ತೆಂತ ಬೇಡ."

ಅಷ್ಟು ದಿನ ಆ ಜಾಗ ಉಳಿಸುವುದೇ ನನ್ನ ಕೆಲಸವಾಯಿತು.

ಮೊದಲು ತಾಲ್ಲೂಕು ಪಂಚಾಯಿತಿಗೆ ಹೋದೆ. ಅಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಚುನಾವಣೆ ನಡೆಯದೆ ವರ್ಷಗಳಾಗಿ, ಆಡಳಿತಾಧಿಕಾರಿ ಒಬ್ಬರೇ ಇದ್ದರು. ಕ್ರಿಯಾಯೋಜನೆ ಆಗಿಹೋಗಿದೆ, ಮುಂದಿನ ವರ್ಷ ನೋಡೋಣ ಎಂದರು. ಮೂರೂ ತಾಲ್ಲೂಕಿನಲ್ಲಿ ಇದೇ ಮಾತು. ಉಳಿದದ್ದು ಗ್ರಾಮ ಪಂಚಾಯಿತಿ. ಅದಕ್ಕೆ ಅಂಗಡಿ ಬಾಡಿಗೆ, ಕಂದಾಯ ಎಂದು ಸ್ವಂತ ವರಮಾನ ಇರುತ್ತದೆ. ಮನೆ ಇದ್ದ ಊರಿನ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಮಾತನಾಡಲು ಅವಕಾಶ ಕೇಳಿ ಪಡೆದೆ. ಅಲ್ಲಿಯವರೆಗೆ ಗುಟ್ಟಾಗಿದ್ದುದನ್ನು ಸದಸ್ಯರ ಮುಂದಾದರೂ ಬಿಚ್ಚಬೇಕಾಯಿತು. ಬೇರೆ ದಾರಿ ಇರಲಿಲ್ಲ.

ನಾನು ಮಾತು ಮುಗಿಸಿದ ಕೂಡಲೇ ಹಿರಿಯ ಸದಸ್ಯರೊಬ್ಬರು ಎದ್ದರು.

"ಅಲ್ಲ ಸಿಸ್ಟ್ರೇ, ಅಲ್ಲಿರುವವರು ನಮ್ಮೂರವರಾ?"

"ಅಲ್ಲ. ನಿಮ್ಮೂರವರನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ."

"ಹಂಗಾರೆ ಯಾವುದೋ ತಾಲ್ಲೂಕಿನ ಹೆಂಗಸ್ರಿಗೆ ನಮ್ಮ ಕಂದಾಯದ ದುಡ್ಡು ಎಂತಕ್ಕೆ ಮಾರಾಯ್ರೆ?"

"ನಿಮ್ಮೂರಿಂದ ಹೊರಟವಳಿಗೆ ಇನ್ನೊಂದು ಊರಿನವರು ಜಾಗ ಕೊಡಬೇಕಲ್ಲ, ಅದಕ್ಕೆ."

"ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲ ಬಿಡಿ" ಎಂದು ಅವರು ಕೂತರು. ನಾಲ್ಕಾರು ಮಂದಿ ನಕ್ಕರು. ಗೋಡೆ ಬದಿಯಲ್ಲಿ ಕೂತಿದ್ದ ಇಬ್ಬರು ಸದಸ್ಯೆಯರು ನಗಲಿಲ್ಲ. ಅವರಲ್ಲೊಬ್ಬರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಹಿಂದಿನ ವರ್ಷ ಆ ಊರಿನಿಂದಲೇ ಇಬ್ಬರನ್ನು ಚಿಕ್ಕಮಗಳೂರಿಗೆ ಬಿಟ್ಟುಬಂದದ್ದು ನನಗೆ ಗೊತ್ತಿತ್ತು. ಹೇಳುವಂತಿರಲಿಲ್ಲ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಬಯಲುಸೀಮೆಯ ಕಡೆಯಿಂದ ಬಂದ ಯುವಕ. ಮೃದುವಾಗಿ ಹೇಳಿದ: "ಮೇಡಂ, ನಮ್ಮ ವ್ಯಾಪ್ತಿಯವರಲ್ಲದ ಫಲಾನುಭವಿಗೆ ಖರ್ಚು ಹಾಕಿದ್ರೆ ಆಡಿಟ್‌ನಲ್ಲಿ ನನ್ ತಲೆಗೇ ಬರುತ್ತೆ."

ಮೂರು ತಾಲ್ಲೂಕಿನಿಂದ ಒಂದೊಂದು ಪಂಚಾಯಿತಿ ಸೇರಿ ಪಾಲು ಹಾಕಿದರೆ ಯಾರೂ ಪರರಿಗೆ ಕೊಟ್ಟಂತಾಗುವುದಿಲ್ಲ ಎಂದು ನಾನು ಬೇರೆ ಎರಡು ಕಡೆಯೂ ಹೋಗಿ ಹೇಳಿದೆ. ಒಂದು ಕಡೆ ನೀವು ಮೊದಲು ಅವರ ಒಪ್ಪಿಗೆ ತನ್ನಿ ಎಂದರು. ಇನ್ನೊಂದು ಕಡೆಯೂ ಅದನ್ನೇ ಎಂದರು.

ದಾರಿ ತೋರಿಸಿದವರು ನಮ್ಮ ಪಂಚಾಯಿತಿಯ ಅಧ್ಯಕ್ಷರು. ಹಾರ್ಡ್‌ವೇರ್ ಅಂಗಡಿ ಇಟ್ಟವರು, ದೊಡ್ಡ ಗಂಟಲಿನ ಮನುಷ್ಯ. ಅಂಗಡಿಗೆ ಕರೆಸಿ, ಸಿಮೆಂಟ್ ಚೀಲದ ಮೇಲೆ ಪೇಪರ್ ಹಾಸಿ ಕೂರಿಸಿದರು.

"ದುಡ್ಡು ಕೊಡ್ಲಿಕ್ಕಾಗುದಿಲ್ಲ ಸಿಸ್ಟ್ರೇ, ಸರಿ. ಕಟ್ಟಡ ಕೊಡಬಹುದಲ್ಲ? ನೀರು ಬಿಡುವವನಿಗೆ ಅಂತ ಕಟ್ಟಿಸಿದ ಕ್ವಾಟ್ರಸ್ಸು ಹಾಳು ಬಿದ್ದಿದೆ. ಅದು ಪಂಚಾಯ್ತಿ ಆಸ್ತಿ. ಅದರ ರಿಪೇರಿಗೆ ಯಾವ ಆಡಿಟ್ಟಿನವನೂ ಮಾತಾಡುವ ಹಂಗಿಲ್ಲ. ರಿಪೇರಿ ಆದ ಮೇಲೆ ನಿಮ್ಮ ನರ್ಸ್ ಟ್ರೇನಿಂಗಿಗೆ ಕೊಟ್ಟೆವು ಅಂತ ಮಾಡಿದ್ರೆ ಆಯ್ತು."

"ಹೊರಗೆ ಬೋರ್ಡು ಹಾಕುವಂತಿಲ್ಲ. ಉದ್ಘಾಟನೆ ಇಲ್ಲ. ಹಣ್ಣು, ಬ್ರೆಡ್ಡು ಹಂಚುವುದು ಯಾವುದೂ ಇಲ್ಲ."

"ಅಯ್ಯೋ, ನಮ್ಮ ಹೆಸರು ಎಲ್ಲಿಯೂ ಬೇಡ ಮಾರಾಯ್ರೆ. ಒಳ್ಳೇ ಕೆಲಸ ಅಲ್ದಾ?"

ಅವರು ಆಡಿದ ಹಾಗೆ ನಡೆದುಕೊಂಡರು. ವಿರೋಧಿಸಿದ ಸದಸ್ಯರ ಮನೆಗೆ ತಾವೇ ಹೋಗಿ ಒಪ್ಪಿಸಿದರು. ಹಂಚು, ಅದರಡಿಗೆ ಹೊಡೆಯುವ ರೀಪರು ಪಟ್ಟಿ ಅಂಗಡಿಯಿಂದ ಕೊಂಡ ಬೆಲೆಗೇ ಕೊಟ್ಟರು. ಕಾಮಗಾರಿಯ ಹೆಸರು "ಹಳೆಯ ಸಿಬ್ಬಂದಿ ವಸತಿಗೃಹದ ದುರಸ್ತಿ" ಎಂದಷ್ಟೇ ಇರಬೇಕು ಎಂಬ ನನ್ನ ಮಾತಿಗೂ ಒಪ್ಪಿದರು.

ಪಂಚಾಯಿತಿಯ ಯಾವ ಕೆಲಸಕ್ಕೂ ಬಿಲ್ಲು ಆಗಬೇಕಾದರೆ ಫೋಟೋ ಬೇಕು. ಕೆಲಸಕ್ಕೆ ಮುಂಚೆ, ನಡೆಯುವಾಗ, ಮುಗಿದ ಮೇಲೆ. ಬರಿಯ ಫೋಟೋ ಸಾಲದು. ಜಾಗದ ಹೆಸರು, ನಕಾಶೆ, ಅಕ್ಷಾಂಶ ರೇಖಾಂಶ ಎಲ್ಲ ಚಿತ್ರದ ಮೇಲೆಯೇ ಅಚ್ಚಾಗುವ ಆ್ಯಪಿನಲ್ಲಿ ತೆಗೆದಿರಬೇಕು. ಮಾಡದ ಕೆಲಸಕ್ಕೆ ಬಿಲ್ಲು ಬರೆಯುವವರನ್ನು ತಡೆಯಲು ಬಂದ ಒಳ್ಳೆಯ ಕ್ರಮ ಅದು. ಮೊದಲೆರಡು ಫೋಟೋಗಳಿಗೆ ತೊಂದರೆ ಇರಲಿಲ್ಲ, ಕಟ್ಟಡ ಖಾಲಿ ಇತ್ತು. ಮೂರನೆಯದಕ್ಕೆ ಮುಂಚೆಯೇ ಬಾಡಿಗೆ ಮನೆ ಬಿಡುವ ದಿನ ಬಂತು. ಬಣ್ಣ ಒಣಗುವ ಮೊದಲೇ ಮೂವರನ್ನೂ ಅಲ್ಲಿಗೆ ಕರೆತಂದೆ.

ಫೋಟೋದ ದಿನ ನಾನು ವಾರ್ಡಿಗೆ ಡಾಕ್ಟರು ರೌಂಡ್ಸ್ ಬರುವ ದಿನದಂತೆ ಸಿದ್ಧತೆ ಮಾಡಿದೆ. ಹೆಂಗಸರು ಹಿಂದಿನ ಕೋಣೆಯಲ್ಲಿ, ಬಾಗಿಲು ಮುಚ್ಚಿ. ಹೊರಗೆ ಒಂದು ಚಪ್ಪಲಿಯೂ ಇರಕೂಡದು. ಅಧಿಕಾರಿ ಎದುರಿನಿಂದ ಎರಡು ಚಿತ್ರ ತೆಗೆದು, ಫೋನು ನನ್ನ ಕೈಗೇ ಕೊಟ್ಟು ತೋರಿಸಿದ. ಗೋಡೆ, ಹಂಚು, ಮುಚ್ಚಿದ ಕಿಟಕಿ. ಕೆಳಗೆ ಊರಿನ ಹೆಸರು, ನಕಾಶೆಯ ತುಂಡು.

"ಇದು ಆಫೀಸಿನ ಕಡತಕ್ಕೆ ಮಾತ್ರ ಮೇಡಂ. ಫೋಟೋ ಇಲ್ದೆ ಬಿಲ್ ಆಗಲ್ಲ."

ಅವನು ಹೇಳಿದ್ದು ನಿಜವೇ. ಅವನಿಂದ ಅದು ಬಿಲ್ಲಿಗೆ ಸಹಿ ಹಾಕಬೇಕಾದ ಅಧ್ಯಕ್ಷರ ಫೋನಿಗೆ ಹೋಯಿತು, ಅಷ್ಟೆ.

ನಮ್ಮ ಕಡೆ ಒಂದು ಅಭ್ಯಾಸವಿದೆ. ಒಂದು ಮೋರಿಗೆ ಚಪ್ಪಡಿ ಹಾಕಿದರೂ ಪಂಚಾಯಿತಿಯವರು ಅದರ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಹಾಕದಿದ್ದರೆ ಕೆಲಸವೇ ಆಗಿಲ್ಲ ಎನ್ನುತ್ತಾರೆ ಜನ. ಅಧ್ಯಕ್ಷರು ತಮ್ಮ ಹೆಸರು ಹಾಕಲಿಲ್ಲ, ಹಾರ ತುರಾಯಿ ಇಲ್ಲ. ದಿನದ ಇತರ ಕೆಲಸಗಳ ಫೋಟೋಗಳ ಜೊತೆ ಇದನ್ನೂ ಸೇರಿಸಿ ಕೆಳಗೆ ಒಂದೇ ಸಾಲು ಬರೆದಿದ್ದರು: "ನಮ್ಮ ಪಂಚಾಯಿತಿಯಿಂದ ನೊಂದ ಹೆಣ್ಣುಮಕ್ಕಳ ಆಶ್ರಯಕ್ಕೆ ಸಣ್ಣ ಸಹಾಯ."

ಅದನ್ನು ಕಂಡವಳು ನಮ್ಮ ಅಡುಗೆಯ ಸಹಾಯಕಿ. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಫೋನು ಹಿಡಿದುಕೊಂಡು ಬಂದಳು.

"ಸಿಸ್ಟ್ರೇ, ಅಣ್ಣ ಅಡಿಕೆ ರೇಟು ನೋಡು ಅಂದಿದ್ದ, ಅದಕ್ಕೆ ತೆಗೆದೆ. ಇಲ್ನೋಡಿ."

ಅದು ಅಡಿಕೆ ಧಾರಣೆಯ ಗುಂಪು. ದಿನದ ರೇಟು ತಿಳಿಯಲು ಮೂರೂ ತಾಲ್ಲೂಕಿನ ಜನ ಅದರಲ್ಲಿದ್ದಾರೆ, ಬೆಳೆಗಾರರು, ವ್ಯಾಪಾರಿಗಳು, ಅಡಿಕೆ ಸಾಗಿಸುವ ಗಾಡಿಯವರು. ರಾಶಿ ಅಡಿಕೆ ಇಷ್ಟು, ಬೆಟ್ಟೆ ಅಡಿಕೆ ಇಷ್ಟು ಎಂಬ ಸಂದೇಶಗಳ ನಡುವೆ ನಮ್ಮ ಹೊಸ ಹಂಚಿನ ಸೂರು. ಪಂಚಾಯಿತಿ ಗುಂಪಿನಿಂದ ಯಾರೋ ಮೆಚ್ಚಿ ಇಲ್ಲಿಗೆ ಕಳಿಸಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಅಧ್ಯಕ್ಷರಿಗೆ ಫೋನು ಮಾಡಿದೆ.

"ಈಗ್ಲೇ ಅಳಿಸ್ತೇನೆ ಸಿಸ್ಟ್ರೇ, ಈಗ್ಲೇ."

"ನಿಮ್ಮ ಗುಂಪಿನಲ್ಲಿ ಅಳಿಸುತ್ತೀರಿ. ಬೇರೆಯವರ ಗುಂಪಿನಲ್ಲಿ?"

"ಜಾಗ ಅದರ ಮೇಲೇ ಬರ್ದಿರ್ತದೆ ಅಂತ ನಾನು ನೋಡ್ಲೇ ಇಲ್ಲ ಮಾರಾಯ್ರೆ. ಎಲ್ಲಾ ಫೋಟೋದಲ್ಲೂ ಇರ್ತದಲ್ಲ, ಕಣ್ಣಿಗೇ ಬೀಳುದಿಲ್ಲ" ಎಂದರು.

ಬೇಗಾರಿನವಳನ್ನು ಕರೆದು ಕೇಳಿದೆ. ಅವಳ ಗಂಡ ಆ ಗುಂಪಿನಲ್ಲಿದ್ದ. ಅವನ ಗಾಡಿಗೆ ಬಾಡಿಗೆ ಸಿಗುವುದೇ ಅದರಿಂದ.

ಎರಡು ದಾರಿಗಳಿದ್ದವು. ಪೊಲೀಸರಿಗೆ ತಿಳಿಸಿ, ಬಾಗಿಲು ಹಾಕಿಕೊಂಡು ಅಲ್ಲೇ ಉಳಿಯುವುದು ಒಂದು. ಅವಳ ಕೋರ್ಟಿನ ದಿನ ಹತ್ತಿರವಿತ್ತು, ಅರ್ಜಿ ಹಾಕಿಕೊಟ್ಟ ವಕೀಲೆಯೂ ಹತ್ತಿರವಿದ್ದರು. ಇನ್ನೊಂದು, ಕೂಡಲೇ ಮನೆ ಖಾಲಿ ಮಾಡುವುದು. ಖಾಲಿ ಮಾಡಿದರೆ ಅದು ಮತ್ತೆ ನಮ್ಮ ಕೈಗೆ ಬರುವುದಿಲ್ಲ, ಬಂದರೂ ಪ್ರಯೋಜನವಿಲ್ಲ. ಠಾಣೆಗೆ ಫೋನು ಮಾಡಿದೆ. ಬಂದೋಬಸ್ತಿಗೆ ಜನ ಹೋಗಿದ್ದಾರೆ, ಸಂಜೆ ಒಬ್ಬರನ್ನು ಕಳಿಸುತ್ತೇವೆ ಎಂದರು. ವಾರ್ಡಿಗೆ ಬೆಂಕಿ ಬಿದ್ದರೆ ಮೊದಲು ರೋಗಿಗಳನ್ನು ಹೊರಗೆ ಸಾಗಿಸು, ಆಮೇಲೆ ಉಳಿದದ್ದು ನೋಡು ಎಂದು ನನಗೆ ಕಲಿಸಿದ್ದರು. ಖಾಲಿ ಮಾಡಲು ನಿರ್ಧರಿಸಿದೆ.

ಬೇಗಾರಿನವಳು ಒಪ್ಪಲಿಲ್ಲ. "ಎಷ್ಟು ಸಲ ಓಡುದು ಸಿಸ್ಟ್ರೇ? ಇಲ್ಲೇ ಇರ್ತೇನೆ. ಬರ್ಲಿ. ಎಲ್ಲರ ಎದುರು ಹೊಡೀಲಿ, ನೋಡುವ."

"ನಿನ್ನ ಮಗಳ ಎದುರೂ?" ಎಂದೆ. ಅವಳು ಒಳಗೆ ಹೋಗಿ ಚೀಲ ತುಂಬಿದಳು.

ಕೆರೆಕಟ್ಟೆಯ ಅಜ್ಜಿ ಕೂತಲ್ಲಿಂದ ಏಳಲಿಲ್ಲ. "ನನ್ನ ಮಗ ಇಲ್ಲಿಗೆ ಬರ್ಬೇಕಾರೆ ಬಸ್ಸು ಹತ್ಬೇಕು. ಬಸ್ಸು ಹತ್ಬೇಕಾರೆ ನೆಟ್ಟಗೆ ನಿಲ್ಬೇಕು. ಅದು ಈ ಜನ್ಮದಲ್ಲಿ ಆಗುದಲ್ಲ. ನನ್ನ ಬಿಟ್ಟು ಹೋಗಿ" ಎಂದಳು. ಗರ್ಭಿಣಿ ಹುಡುಗಿ ಅಷ್ಟು ಹೆದರಿಕೆಯಲ್ಲೂ ನಕ್ಕಳು. ಅಜ್ಜಿಯ ಹಾಸಿಗೆಯನ್ನು ನಾನೇ ಸುತ್ತಿದೆ.

ನನ್ನ ಜೊತೆ ಕೆಲಸ ಮಾಡಿ ನಿವೃತ್ತಳಾದ ಗೆಳತಿಯೊಬ್ಬಳ ಕಾರು ಹಿಂದಿನ ದಾರಿಯಿಂದ ಬಂತು. ಒಂದು ಮಾತೂ ಕೇಳದೆ ಹಿಂದಿನ ಬಾಗಿಲು ತೆಗೆದು ನಿಂತಳು. ಸಹಾಯಕಿಯನ್ನೂ ಜೊತೆಗೆ ಕಳಿಸಿ, ಚಿಕ್ಕಮಗಳೂರಿನ ಕೇಂದ್ರಕ್ಕೆ ಫೋನಿನಲ್ಲಿ ಒಬ್ಬೊಬ್ಬರ ಸ್ಥಿತಿಯನ್ನೂ, ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಮುಂದಿನ ನರ್ಸಿಗೆ ಹೇಳುವ ಹಾಗೆ, ನಾನೇ ವಿವರಿಸಿದೆ. ನಾನು ಹೋಗಲಿಲ್ಲ. ಬಂದವನಿಗೆ ಉತ್ತರ ಕೊಡಲು ಯಾರೂ ಇಲ್ಲದಿದ್ದರೆ ಅವನು ದಾರಿಯ ಮೇಲೆ ಹುಡುಕುತ್ತಾನೆ.

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಪಿಕಪ್ ಬಂತು. ಗಂಡನ ಜೊತೆ ಅವನ ಅಣ್ಣನೂ ಊರಿನ ಒಬ್ಬ ಹಿರಿಯರೂ ಇದ್ದರು. ನಾನು ಕೂಗಾಟ ನಿರೀಕ್ಷಿಸಿದ್ದೆ. ಅವರು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಕಣ ಇಟ್ಟುಕೊಂಡು ಬಂದಿದ್ದರು, ಮುನಿಸಿಕೊಂಡು ಹೋದ ಸೊಸೆಯನ್ನು ತವರಿನಿಂದ ಕರೆದೊಯ್ಯಲು ಬಂದವರ ಹಾಗೆ.

"ನಮಸ್ಕಾರ ಸಿಸ್ಟ್ರೇ" ಎಂದರು ಹಿರಿಯರು. "ಹುಡುಗಾಟದಲ್ಲಿ ಏನೋ ಆಗಿದೆ. ಮನೆ ಮಾತು ಮನೇಲೇ ಮುಗಿಲಿ. ಹುಡ್ಗಿ ಕಳ್ಸಿಕೊಡಿ."

"ಇಲ್ಲಿ ಯಾರೂ ಇಲ್ಲ. ಬೇಕಾದರೆ ಒಳಗೆ ನೋಡಿ. ಮೊದಲು ಚಪ್ಪಲಿ ಬಿಡಿ."

ಮೂವರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಖಾಲಿ ಕೋಣೆಗಳಲ್ಲಿ ಅವರ ಹೆಜ್ಜೆ ಕೇಳಿಸುತ್ತಿತ್ತು. ಗಂಡ ಅಡುಗೆ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತ. ಹೊರಗೆ ಬಂದಾಗ ಅವನ ಕೈಯಲ್ಲಿ ಬುಟ್ಟಿಯಿಂದ ತೆಗೆದ ಒಂದು ರೊಟ್ಟಿ ಇತ್ತು.

"ಇದು ಅವಳ ಕೈಯದ್ದು" ಎಂದ. ಸಿಟ್ಟಿನ ಸ್ವರವಾಗಿರಲಿಲ್ಲ. "ಒಂದು ಬದಿ ದಪ್ಪ ಇರ್ತದೆ. ಕೈ ಸರಿ ಇಲ್ಲಲ್ಲ."

ಅದನ್ನು ಹೇಳಿದವನು ಆ ಕೈ ಮುರಿದವನೇ. ಮೆಟ್ಟಿಲಿನ ಮೇಲೆ ಕೂತು ಕುಡಿಯಲು ನೀರು ಕೇಳಿದ, ಕೊಟ್ಟೆ. ಎದ್ದು ಹೊರಡುವಾಗ ನನ್ನ ಮುಖ ನೋಡದೆ, "ಗಾಡಿ ಓಡ್ಸುವವ ನಾನು. ಎಲ್ಲಿಗೂ ಬಾಡಿಗೆ ಹೋಗ್ತೇನೆ ಸಿಸ್ಟ್ರೇ, ಜಿಲ್ಲೆ ಪೂರ್ತಿ" ಎಂದ. ಎಲೆ ಅಡಿಕೆಯ ತಟ್ಟೆಯನ್ನು ಅವರು ಕಟ್ಟೆಯ ಮೇಲೆ ಬಿಟ್ಟು ಹೋದರು. ಪೊಲೀಸರು ಸಂಜೆ ಬಂದಾಗ ನಾನು ನೆಲ ಒರೆಸಿ ಮುಗಿಸಿದ್ದೆ.

ಅಧ್ಯಕ್ಷರು ಮರುದಿನ ನನ್ನ ಮನೆಗೆ ಬಂದರು. ಕೂರಲಿಲ್ಲ. "ಸಿಸಿ ಕ್ಯಾಮರಾ ಹಾಕ್ಸುವ ಸಿಸ್ಟ್ರೇ. ಕಾಂಪೌಂಡು ಏರ್ಸುವ. ನನ್ನ ಅಂಗಡಿಯಿಂದಲೇ ಕೊಡ್ತೇನೆ."

"ಎಲ್ಲರಿಗೂ ಗೊತ್ತಿರುವ ಮನೆಗೆ ಎಷ್ಟು ಎತ್ತರದ ಗೋಡೆ ಹಾಕುತ್ತೀರಿ?" ಎಂದು ಕೇಳಿದೆ. ಬೇರೆ ಕಟ್ಟಡ ಕೊಡಿ, ಈ ಸಲ ಫೋಟೋ ಇಲ್ಲದೆ ಬಿಲ್ಲು ಮಾಡುವ ದಾರಿ ಹುಡುಕಿ ಎಂದೆ. ಅವರು ಪ್ರಾಮಾಣಿಕವಾಗಿ ಓಡಾಡಿದರು. ಅಂಥ ದಾರಿ ಇರಲಿಲ್ಲ. ಖಾಲಿ ಬಿದ್ದ ಕಟ್ಟಡವನ್ನು ಕೆಲ ತಿಂಗಳ ನಂತರ ಒಣಕಸ ವಿಂಗಡಿಸುವುದಕ್ಕೆ ಕೊಟ್ಟರು.

ಚಿಕ್ಕಮಗಳೂರಿನ ಕೇಂದ್ರದಲ್ಲಿ ಉಳಿಯಬಹುದಾದದ್ದು ಕೆಲವೇ ದಿನ. ಗರ್ಭಿಣಿಯನ್ನು ಅವಳ ಅಕ್ಕ ಬಂದು ಕರೆದುಕೊಂಡು ಹೋದಳು. ಅಜ್ಜಿಗೆ ವೃದ್ಧಾಶ್ರಮವೊಂದರಲ್ಲಿ ಜಾಗ ಸಿಕ್ಕಿತು. ಬೇಗಾರಿನವಳನ್ನೂ ಮಗಳನ್ನೂ ಬೇರೊಂದು ಜಿಲ್ಲೆಯ ಸರ್ಕಾರಿ ನಿಲಯಕ್ಕೆ ಕಳಿಸಿದರು. ಕೋರ್ಟಿನ ಮೊದಲ ದಿನ ನಾನೇ ಹೋಗಿ ಕರೆತಂದೆ. ನ್ಯಾಯಾಧೀಶರು ರಜೆಯಲ್ಲಿದ್ದರು, ಮುಂದಕ್ಕೆ ಹೋಯಿತು. ಎರಡನೆಯ ಸಲ ಮಗುವಿಗೆ ಜ್ವರ, ಬರಲಾಗಲಿಲ್ಲ. ಅಲ್ಲಿಯ ಶಾಲೆಯವರು ಹಳೆಯ ಶಾಲೆಯ ವರ್ಗಾವಣೆ ಪತ್ರ ಕೇಳಿದರು. ಅದನ್ನು ಕೇಳಿದರೆ ಹಳೆಯ ಊರಿಗೆ ಹೊಸ ಊರಿನ ಹೆಸರು ತಿಳಿಯುತ್ತಿತ್ತು. ಪತ್ರವಿಲ್ಲದೆಯೂ ಮಗುವನ್ನು ಸೇರಿಸಿಕೊಳ್ಳಬೇಕು ಎಂದು ನಾನು ಮೇಲಿನವರಿಗೆ ಬರೆದೆ, ಫೋನು ಮಾಡಿದೆ. ಶಾಲೆ ಒಪ್ಪಿಕೊಂಡಿತು. ಅಷ್ಟರಲ್ಲಿ ಅವಳು ನಿಲಯದಲ್ಲಿರಲಿಲ್ಲ. ಸ್ವಂತ ಇಚ್ಛೆಯಿಂದ ಹೋದಳು ಎಂದರು.

ಅವಳ ಫೋನು ಬಂದದ್ದು ಅದಾದ ಬಹಳ ದಿನಗಳ ಮೇಲೆ, ಹಗಲಿನಲ್ಲಿ.

"ಸಿಸ್ಟ್ರೇ, ನಾನು. ಮನೇಲಿದ್ದೇನೆ."

"ಯಾವ ಮನೆ?"

"ನಮ್ಮನೆ. ಅವ್ರೇ ಬಂದು ಕರ್ಕೊಂಡು ಬಂದ್ರು."

"ಈಗ ಹತ್ತಿರ ಇದ್ದಾರಾ?"

"ಇಲ್ಲ, ಬಾಡಿಗೆ ಹೋಗಿದ್ದಾರೆ. ಬರುವ ಹೊತ್ತಾಯ್ತು."

ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಹಳೇ ಶಾಲೆಗೇ ಹೋಗುತ್ತಿದ್ದಾಳೆ ಎಂದಳು. ಕೈ ಹೇಗಿದೆ ಎಂದು ಕೇಳಿದೆ. ಯಾವ ಕೈ ಎಂದಳು.

ಆಮೇಲೆ ಅವಳೇ ಕೇಳಿದಳು: "ಆ ಮನೆ ಉಂಟಾ ಸಿಸ್ಟ್ರೇ ಈಗ? ಬೇರೆ ಎಲ್ಲಾದ್ರೂ ಮಾಡಿದ್ರಾ?"

ಚಿಕ್ಕಮಗಳೂರಿನ ಕೇಂದ್ರದ ಬಗ್ಗೆ ಹೇಳಿದೆ. ಅಲ್ಲಿಗೆ ಬರುವ ಬಸ್ಸುಗಳ ಸಮಯ ಹೇಳಿದೆ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಯಾವ ಹೊತ್ತಿಗಾದರೂ ಫೋನು ಮಾಡು ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅದಲ್ಲ ಸಿಸ್ಟ್ರೇ. ಇಲ್ಲೇ ಹತ್ರದಲ್ಲಿ ಇತ್ತಲ್ಲ, ಅದು."

"ಇಲ್ಲಮ್ಮ" ಎಂದೆ.

"ಹಂಗಾರೆ ಇಡ್ತೇನೆ" ಎಂದಳು.